ನಮ್ಮ ಜಾಗದ ಅಪಾಯ ಪಕ್ಕದವರಿಗೆ ತಟ್ಟಿದರೆ

"ಕೆಲಸ ಮಾಡಿದ್ದು ಕಂಟ್ರಾಕ್ಟರ್, ನಮಗೇನು ಸಂಬಂಧ?" ಗ್ಯಾಸ್ ಪೈಪ್ ಹಾಕಿಸಿದ, ದೊಡ್ಡ ಟ್ಯಾಂಕ್ ಕಟ್ಟಿಸಿದ ಹೋಟೆಲ್ ಬಂಧುಗಳಿಂದ ನಾವು ಆಗಾಗ ಕೇಳುವ ಮಾತು. ಕಾನೂನು ಇದನ್ನು ಸುಲಭವಾಗಿ ಒಪ್ಪುವುದಿಲ್ಲ.

ಇಂಗ್ಲೆಂಡಿನ ಲ್ಯಾಂಕಶೈರಿನಲ್ಲಿ ರೈಲ್ಯಾಂಡ್ಸ್ ಎಂಬ ಗಿರಣಿ ಮಾಲೀಕ ಕಂಟ್ರಾಕ್ಟರರಿಂದ ಜಲಾಶಯ ಕಟ್ಟಿಸಿದ. ತಳದಲ್ಲಿ ಹಳೆಯ ಗಣಿಬಾವಿಗಳಿದ್ದವು. ಕೆಲಸದವರು ಅವನ್ನು ಸರಿಯಾಗಿ ಮುಚ್ಚಲಿಲ್ಲ. ಮಾಲೀಕನಿಗೆ ಅವು ಇರುವುದೇ ಗೊತ್ತಿರಲಿಲ್ಲ. 1860ರಲ್ಲಿ ನೀರು ನುಗ್ಗಿ ಪಕ್ಕದ ಫ್ಲೆಚರನ ಕಲ್ಲಿದ್ದಲು ಗಣಿ ಮುಳುಗಿತು. ಅಪಾಯದ ವಸ್ತುವನ್ನು ತಂದಿಟ್ಟವನೇ ನಷ್ಟಕ್ಕೆ ಹೊಣೆ ಎಂದು 1868ರಲ್ಲಿ ಹೌಸ್ ಆಫ್ ಲಾರ್ಡ್ಸ್ ತೀರ್ಪಿತ್ತಿತು.

ದೈವಾಧೀನ ಘಟನೆ, ಹೊರಗಿನವರ ಕೃತ್ಯ ಇವುಗಳಿಗೆ ವಿನಾಯಿತಿ ಉಂಟು. ನಲ್ಲಿ ನೀರಿನಂಥ ಸಾಮಾನ್ಯ ಬಳಕೆಗೆ ಈ ನಿಯಮ ಅನ್ವಯಿಸದು (ಅಜಾಗ್ರತೆಯ ದಾವೆ ಬೇರೆ, ಅದು ಇದ್ದೇ ಇದೆ!). ಆದರೆ 1985ರಲ್ಲಿ ದೆಹಲಿಯ ಶ್ರೀರಾಮ್ ಕಾರ್ಖಾನೆಯಿಂದ ಓಲಿಯಂ ಅನಿಲ ಸೋರಿದಾಗ ಸುಪ್ರೀಂ ಕೋರ್ಟ್ ಇನ್ನೂ ಮುಂದೆ ಹೋಯಿತು: ಅಪಾಯಕಾರಿ ಉದ್ದಿಮೆಗೆ ಆ ವಿನಾಯಿತಿಗಳೂ ಇಲ್ಲ ಎಂದು 1986ರ ಡಿಸೆಂಬರಿನಲ್ಲಿ ಹೇಳಿತು.

ಹೋಟೆಲ್ ಕಾರ್ಖಾನೆಯಲ್ಲ ಎಂದು ವಾದಿಸಬಹುದು. ಸಾಲಾಗಿಟ್ಟ ಸಿಲಿಂಡರ್‌ಗಳು ಸಿಡಿದು ಪಕ್ಕದ ಅಂಗಡಿ ಸುಟ್ಟ ಮೇಲೆ ಆ ವಾದವನ್ನು ನಂಬಿ ಕೂರುವುದು ನಮಗೆ ಸರಿ ಕಾಣದು. ಬೆಂಕಿ ವಿಮೆ ಮುಖ್ಯವಾಗಿ ನಮ್ಮ ಸ್ವತ್ತಿಗೆ. ಪಕ್ಕದವರ ನಷ್ಟಕ್ಕೆ ಸಾರ್ವಜನಿಕ ಹೊಣೆಗಾರಿಕೆ ವಿಮೆ ಇದೆಯೇ ಎಂದು ಸದಸ್ಯರು ತಮ್ಮ ಪಾಲಿಸಿ ತೆಗೆದು ನೋಡಿಕೊಳ್ಳಬೇಕು.