ಸ್ಯಾಫ್ ಚಾಂಪಿಯನ್‌ಶಿಪ್ 2023: ಕಂಠೀರವದಲ್ಲಿ ಭಾರತಕ್ಕೆ 9ನೇ ಕಿರೀಟ

ದಕ್ಷಿಣ ಏಷ್ಯಾದ ಈ ಫುಟ್‌ಬಾಲ್ ಟೂರ್ನಿ 2023ರ ಜೂನ್ 21ರಿಂದ ಜುಲೈ 4ರವರೆಗೆ ಬೆಂಗಳೂರಿನ ಶ್ರೀ ಕಂಠೀರವ ಕ್ರೀಡಾಂಗಣದಲ್ಲಿ ನಡೆಯಿತು. ತಂಡಗಳು 8. ಸ್ಪರ್ಧಾತ್ಮಕ ಪರೀಕ್ಷೆಯ ಅಭ್ಯರ್ಥಿಗಳು ಎಡವುವುದು ಇಲ್ಲೇ: ಕುವೈತ್, ಲೆಬನಾನ್ ಅತಿಥಿ ತಂಡಗಳು, ಸ್ಯಾಫ್ ಸದಸ್ಯರಲ್ಲ.

ಪಾಕಿಸ್ತಾನದ ವಿರುದ್ಧ 4-0 ಗೆಲುವಿನಲ್ಲಿ ಸುನಿಲ್ ಛೆಟ್ರಿ ಹ್ಯಾಟ್ರಿಕ್ ಬಾರಿಸಿದರು; ಒಟ್ಟು 5 ಗೋಲುಗಳೊಂದಿಗೆ ಅಗ್ರಸ್ಥಾನವೂ ಅವರದೇ. ಸೆಮಿಫೈನಲ್‌ನಲ್ಲಿ ಲೆಬನಾನನ್ನು ಮಣಿಸಿದ್ದು ಪೆನಾಲ್ಟಿಯಲ್ಲಿ. ಫೈನಲ್ ಇನ್ನೂ ರೋಚಕ: ಕುವೈತ್ ಜತೆ 1-1 ಸಮಬಲ, ಶೂಟೌಟ್‌ನಲ್ಲಿ 5-4. ಕೊನೆಯ ಹೊಡೆತ ತಡೆದವರು ಗುರ್‌ಪ್ರೀತ್ ಸಿಂಗ್ ಸಂಧು. ಛೆಟ್ರಿಯಂತೆ ಅವರೂ ಆಗ ಬೆಂಗಳೂರು ಎಫ್‌ಸಿಯವರು, ನಮ್ಮೂರಿನ ಅಭಿಮಾನಿಗಳ ಹೆಮ್ಮೆ.

ಪಂದ್ಯ ನೋಡಲು ಪೀಣ್ಯದವರು ಮೆಟ್ರೊದ ಹಸಿರು ಮಾರ್ಗದಲ್ಲಿ ಬಂದು, ಮೆಜೆಸ್ಟಿಕ್‌ನಲ್ಲಿ ಬದಲಿಸಿ, ಕಬ್ಬನ್ ಪಾರ್ಕ್‌ನಲ್ಲಿ ಇಳಿಯಬಹುದಿತ್ತು. ವೈಟ್‌ಫೀಲ್ಡ್‌ನವರಿಗೆ ಅಂದು ನೇರ ಮೆಟ್ರೊ ಇರಲಿಲ್ಲ, ಕೆ.ಆರ್.ಪುರ-ಬೈಯಪ್ಪನಹಳ್ಳಿ ಕೊಂಡಿ ತೆರೆದದ್ದು 2023ರ ಅಕ್ಟೋಬರ್ 9ರಂದು.