ಮೆಲ್ಲಗೆ ಆಡಿದ ಮಾತೂ ಕೇಳಬೇಕು: ಸಂದರ್ಶನಕ್ಕೆ ಯಾವ ಮೈಕು?



ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ತಾಲ್ಲೂಕುಗಳ ನಮ್ಮ ಸಂಘಗಳಲ್ಲಿ ಒಂದು ಒಳ್ಳೇ ಕೆಲಸ ಶುರುವಾಗಿದೆ. ಊರಿನ ಹಿರಿಯ ಹೆಣ್ಣುಮಕ್ಕಳನ್ನು ಮಾತಾಡಿಸಿ, ಅವರು ಕಂಡ ಬರಗಾಲ, ನೀರಿನ ಕಷ್ಟ, ಕೂಲಿ, ಹಾಡು, ನಾಟಿ ಮದ್ದು ಇವನ್ನೆಲ್ಲ ಮೊಬೈಲಿನಲ್ಲಿ ಧ್ವನಿಮುದ್ರಣ ಮಾಡುವುದು. ಆದರೆ ಅದನ್ನು ಕೇಳಲು ಕೂತರೆ ಫ್ಯಾನಿನ ಸದ್ದು ಕೇಳುತ್ತೆ, ಪಕ್ಕದ ಮನೆ ಟಿವಿ ಕೇಳುತ್ತೆ, ನಡುವೆ ಬಾಯಿ ಹಾಕಿದ ಮಗನ ಮಾತೂ ಚೆನ್ನಾಗಿ ಕೇಳುತ್ತೆ. ಅಜ್ಜಿಯ ಮಾತು ಮಾತ್ರ ಕೇಳೋದಿಲ್ಲ. ಹಾಗಾಗಿ ಸಭೆಗಳಲ್ಲಿ “ಯಾವ ಮೈಕು ತಗೊಳ್ಳೋಣ, ಎಷ್ಟು ದುಡ್ಡಾಗುತ್ತೆ?” ಎಂಬ ಪ್ರಶ್ನೆ ಬರುತ್ತಿದೆ. ಈ ಸಲದ ಪಾಠ ಅದೇ.

ಇದು ಬರೀ ಯಂತ್ರದ ವಿಷಯ ಅಲ್ಲ. ಪಾವಗಡದ ಕೊಳವೆಬಾವಿ ನೀರಿನಲ್ಲಿ ಫ್ಲೋರೈಡ್ ಹೆಚ್ಚು ಎಂಬುದು ನಮಗೆಲ್ಲ ಗೊತ್ತು. ಒಂದು ಲೀಟರಿಗೆ 1.5 ಮಿಲಿಗ್ರಾಂ ಮೀರಬಾರದು ಎಂದು ಅಳತೆ ಇದೆ. ನೀರಿನ ಲೆಕ್ಕ ಕಾಗದದಲ್ಲಿ ಬರುತ್ತೆ. ಆ ನೀರು ಕುಡಿದು ಬೆನ್ನು ಬಾಗಿದವಳು ಹಟ್ಟಿಯಿಂದ ಬಿಂದಿಗೆ ಹೊತ್ತು ತರುವಾಗ ಏನಾಗುತ್ತೆ ಅನ್ನೋದು ಅವಳೇ ಹೇಳಿದರೆ ಮಾತ್ರ ತಿಳಿಯುತ್ತೆ. ತಿರುಮಣಿ ಸುತ್ತಿನ 5 ಊರುಗಳಲ್ಲಿ ಸುಮಾರು 13,000 ಎಕರೆಯಲ್ಲಿ ಸೋಲಾರ್ ಪಾರ್ಕ್ ಬಂತು, 2018ರಲ್ಲಿ ಉದ್ಘಾಟನೆ ಆಯಿತು. ಜಮೀನು ಇದ್ದವರಿಗೆ ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಗುತ್ತಿಗೆ ಹಣ ಶುರುವಾಯಿತು. ಅದೇ ಹೊಲದಲ್ಲಿ ಕಡಲೆಕಾಯಿ ಕೀಳುವ ಕೂಲಿಗೆ ಹೋಗುತ್ತಿದ್ದ, ಜಮೀನಿಲ್ಲದ ಹೆಂಗಸಿಗೆ ಗುತ್ತಿಗೆ ಪತ್ರ ಇಲ್ಲ. ಅವಳ ಕಡೆ ಇರೋದು ಬಾಯಿಮಾತು ಒಂದೇ. ಆ ಮಾತು ಮುದ್ರಣದಲ್ಲಿ ಕೇಳದೆ ಹೋದರೆ ವರದಿಯಲ್ಲೂ ಬರುವುದಿಲ್ಲ. ಪಾವಗಡದ ಕಡೆ ಅನೇಕರು ಮನೆಯಲ್ಲಿ ತೆಲುಗು ಆಡುತ್ತಾರೆ. ಅದನ್ನು ಕೇಳಿ ಕನ್ನಡದಲ್ಲಿ ಬರೆಯುವವರಿಗೆ ಒಂದೊಂದು ಪದವೂ ಬಿಡಿಬಿಡಿಯಾಗಿ ಕೇಳಬೇಕು.

ಹಳ್ಳಿ ಹೆಂಗಸರಿಗೆ ಇದೆಲ್ಲ ಆಗೋ ಕೆಲಸವಾ ಅಂತ ಕೇಳುವವರಿದ್ದಾರೆ. ಕೋಲಾರ ಜಿಲ್ಲೆ ಬಂಗಾರಪೇಟೆ ತಾಲ್ಲೂಕಿನ ಬೂದಿಕೋಟೆಯನ್ನು ನೋಡಿ. ಮೈರಾಡ, ವಾಯ್ಸಸ್ ಸಂಸ್ಥೆಗಳು ಯುನೆಸ್ಕೋ ನೆರವಿನಿಂದ ಅಲ್ಲಿ ‘ನಮ್ಮ ಧ್ವನಿ’ ಕೇಂದ್ರ ಕಟ್ಟಿದವು. ಸ್ವಸಹಾಯ ಸಂಘದವರೇ ಕಾರ್ಯಕ್ರಮ ಮಾಡಿದರು. ಆಗ ಇಂಥ ಸಂಸ್ಥೆಗಳಿಗೆ ರೇಡಿಯೋ ಪರವಾನಗಿ ಕೊಡುತ್ತಿರಲಿಲ್ಲ, ಅದಕ್ಕೆ 2003ರಲ್ಲಿ ಟಿವಿ ಕೇಬಲ್ ತಂತಿಯಲ್ಲೇ ಧ್ವನಿಯನ್ನು ಮನೆಮನೆಗೆ ಕಳಿಸಿದರು! ಪರವಾನಗಿಗೆ ದಾರಿ ತೆರೆದದ್ದು 2006ರ ಕೊನೆಗೆ. ತೆಲಂಗಾಣದ ಜಹೀರಾಬಾದ್ ಹತ್ತಿರದ ಮಾಚನೂರಿನಲ್ಲಿ 2008ರಿಂದ ‘ಸಂಘಂ ರೇಡಿಯೋ’ ನಡೆಸಿದವರು ದಲಿತ ಹೆಣ್ಣುಮಕ್ಕಳು. ಇನ್ನು ಪಾವಗಡದ ಪಕ್ಕದ ಚಳ್ಳಕೆರೆ ತಾಲ್ಲೂಕಿನ ಸಿರಿಯಜ್ಜಿ ಅಕ್ಷರ ಕಲಿತವರಲ್ಲ. ಅವರ ನೆನಪಿನಲ್ಲಿದ್ದ ಸಾವಿರಾರು ಹಾಡು ಉಳಿದದ್ದು ಯಾರೋ ಕೂತು ಕೇಳಿ ಹಿಡಿದಿಟ್ಟಿದ್ದರಿಂದ.

ಈಗ ಮೈಕಿಗೆ ಬರೋಣ. ಮೊದಲು ತಿಳಿಯಬೇಕಾದ್ದು ದೂರ. ಬಾಯಿಂದ ಮೈಕು ಒಂದು ಗೇಣಿನಲ್ಲಿದ್ದಾಗ ಎಷ್ಟು ಸದ್ದು ಸಿಗುತ್ತದೋ, ಎರಡು ಗೇಣಿಗೆ ಸರಿಸಿದರೆ ಅದರ ಶಕ್ತಿ ನಾಲ್ಕನೇ ಒಂದು ಭಾಗಕ್ಕೆ ಇಳಿಯುತ್ತದೆ. ಫ್ಯಾನಿನ ಸದ್ದು ಮಾತ್ರ ಇದ್ದಷ್ಟೇ ಇರುತ್ತದೆ. ಆಮೇಲೆ ಸೌಂಡ್ ಜಾಸ್ತಿ ಮಾಡಿದರೆ ಫ್ಯಾನೂ ಜೊತೆಗೇ ಜಾಸ್ತಿಯಾಗುತ್ತೆ. ಅದಕ್ಕೇ ನಾಲ್ಕು ಮೊಳ ದೂರ ಇಟ್ಟ ದುಬಾರಿ ಮೈಕಿಗಿಂತ ಒಂದು ಗೇಣು ಹತ್ತಿರದ ಅಗ್ಗದ ಮೈಕು ಮೇಲು. ಕೊಳ್ಳಲು ದುಡ್ಡೇ ಇಲ್ಲದ ಸಂಘದವರು ಮೊಬೈಲನ್ನೇ ದಿಂಬಿನ ಮೇಲೆ ಅಜ್ಜಿಯ ಎದೆ ಮಟ್ಟಕ್ಕೆ, ಒಂದು ಗೇಣು ಅಂತರದಲ್ಲಿ ಇಡಿ. ಅರ್ಧ ಸಮಸ್ಯೆ ಅಲ್ಲೇ ಮುಗಿಯುತ್ತೆ.

ಕೊಳ್ಳುವುದಾದರೆ ನಮ್ಮ ಸಲಹೆ ತಂತಿ ಇರುವ ಕ್ಲಿಪ್ ಮೈಕು, ಅಂದರೆ ಕಾಲರ್ ಮೈಕು. ಬೋಯಾ ಕಂಪನಿಯ ಬಿವೈ-ಎಂ1 ಎಂಬುದು ಬಹಳ ಕಡೆ ಬಳಕೆಯಲ್ಲಿದೆ, ತಂತಿ 6 ಮೀಟರ್ ಉದ್ದ. ಅದರ ಪುಟ್ಟ ಡಬ್ಬಿಯಲ್ಲಿ ಒಂದು ಸ್ವಿಚ್ ಇದೆ: ಒಂದು ಕಡೆ ಕ್ಯಾಮೆರಾ, ಇನ್ನೊಂದು ಕಡೆ ಫೋನ್. ಮೊಬೈಲಿಗೆ ಹಾಕಿದಾಗ ಫೋನ್ ಕಡೆಗೇ ಇರಬೇಕು.

ಅಂಗಡಿಯಲ್ಲಿ ಪಿನ್ನು ನೋಡಿ. ಮೊಬೈಲಿಗೆ ಆಗುವ ಪಿನ್ನಿನಲ್ಲಿ ಮೂರು ಗೆರೆ ಇರುತ್ತವೆ, ಎರಡೇ ಗೆರೆ ಇದ್ದರೆ ಅದು ಕ್ಯಾಮೆರಾದ್ದು. ಹಲವು ಹೊಸ ಫೋನುಗಳಲ್ಲಿ ದುಂಡು ತೂತೇ ಇಲ್ಲ, ಟೈಪ್-ಸಿ ಮಾತ್ರ. ಅದಕ್ಕೆ ಬೇರೆ ಕನೆಕ್ಟರ್ ಬೇಕು, ಎಲ್ಲ ಕನೆಕ್ಟರೂ ಎಲ್ಲ ಫೋನಿಗೂ ಆಗೋದಿಲ್ಲ. ಆದ್ದರಿಂದ ಸಂದರ್ಶನಕ್ಕೆ ಬಳಸುವ ಫೋನನ್ನೇ ಅಂಗಡಿಗೆ ಒಯ್ಯಿರಿ. ಮೈಕು ಹಾಕಿ, ರೆಕಾರ್ಡ್ ಒತ್ತಿ, ಮೈಕನ್ನು ಬೆರಳಿನಿಂದ ಮೆಲ್ಲಗೆ ತಟ್ಟಿ, ಆಮೇಲೆ ಫೋನನ್ನು ತಟ್ಟಿ. ಕೇಳಿ ನೋಡಿದಾಗ ಫೋನು ತಟ್ಟಿದ್ದೇ ಜೋರಾಗಿದ್ದರೆ ಹೊರಗಿನ ಮೈಕು ಕೆಲಸ ಮಾಡುತ್ತಿಲ್ಲ ಎಂದೇ ಅರ್ಥ. ಇದನ್ನು ನೋಡದೆ ದುಡ್ಡು ಕೊಡಬೇಡಿ, ಅಂಗಡಿಯವರು ಎಷ್ಟೇ ಅವಸರ ಮಾಡಲಿ.

ತಂತಿ ಇಲ್ಲದ ಮೈಕು ನೋಡಲು ಚೆಂದ. ಆದರೆ ಅದನ್ನು ಚಾರ್ಜ್ ಮಾಡಬೇಕು, ಒಂದು ತುಂಡು ಕಳೆದರೆ ಇನ್ನೊಂದು ವ್ಯರ್ಥ. ಎದುರುಬದುರು ಕೂತು ಮಾತಾಡುವವರಿಗೆ ಅದರ ಅಗತ್ಯ ನಮಗೆ ಕಂಡಿಲ್ಲ. ಈಗಾಗಲೇ ಕೊಂಡವರು ಅದರಲ್ಲಿರುವ ‘ನಾಯ್ಸ್ ರಿಡಕ್ಷನ್’ ಗುಂಡಿ ಆಫ್ ಮಾಡಿ ಒಮ್ಮೆ ಪರೀಕ್ಷಿಸಿ. ಮೆಲ್ಲಗೆ ಆಡುವವರ ಮಾತಿನ ತುದಿಯನ್ನೂ ಅದು ಗದ್ದಲ ಎಂದುಕೊಂಡು ಕತ್ತರಿಸುವುದುಂಟು. ಪೆಂಡಾಲ್ ಸೆಟ್ಟಿನ ಕೈಮೈಕು ಮೊಬೈಲಿಗೆ ನೇರವಾಗಿ ಆಗುವುದಿಲ್ಲ. ಝೂಮ್, ಟಾಸ್ಕ್ಯಾಮ್ ಮುಂತಾದ ಬೇರೆ ರೆಕಾರ್ಡರುಗಳು ಒಳ್ಳೆಯವೇ, ಆದರೆ ಅದು ಒಂದು ಸಂಘದ ಖರ್ಚಲ್ಲ. ಒಕ್ಕೂಟದವರು ಯೋಚಿಸಬಹುದು.

ಮೈಕಿನ ಜೊತೆ ಎರಡು ಸಾಮಾನು ಖಂಡಿತ ಬೇಕು. ಒಂದು ಗಾಳಿಗೆ ಟೋಪಿ. ಸ್ಪಂಜಿನದು ಮೈಕಿನ ಜೊತೆಗೇ ಬರುತ್ತೆ, ಆಷಾಢದ ಗಾಳಿಗೆ ಅದು ಸಾಲದು, ಕೂದಲಿನಂಥ ತುಪ್ಪಳದ ಟೋಪಿ ಬೇಕು. ಇನ್ನೊಂದು ಇಯರ್‌ಫೋನ್. ಒಂದು ನಿಮಿಷ ಮುದ್ರಿಸಿ, ಕಿವಿಗೆ ಹಾಕಿ ಕೇಳಿ, ಆಮೇಲೆ ಶುರು ಮಾಡಿ. ಪವರ್ ಬ್ಯಾಂಕ್ ಇದ್ದರೆ ಸರಿ, ಆದರೆ ಚಾರ್ಜಿಗೆ ಹಾಕಿಕೊಂಡೇ ಮುದ್ರಿಸಬೇಡಿ, ಗುಂಯ್ ಎಂಬ ಸದ್ದು ಸೇರಬಹುದು. ಫೋನನ್ನು ಏರೋಪ್ಲೇನ್ ಮೋಡಿಗೆ ಹಾಕಿ.

ಮೈಕು ಸಿಕ್ಕಿಸುವುದನ್ನು ಅಜ್ಜಿಯ ಕೈಗೇ ಬಿಡಿ. ಎಲ್ಲಿ ಅಂತ ನೀವು ತೋರಿಸಿದರೆ ಸಾಕು, ಎದೆಯ ಮೇಲ್ಭಾಗದಲ್ಲಿ, ಸೆರಗಿನ ಹೊರಗೆ. ಸೆರಗಿನ ಒಳಗಾದರೆ ಮಾತು ಮುಚ್ಚಿಹೋಗುತ್ತೆ. ಕರಿಮಣಿ ಸರ ತಾಗಿದರೆ ಟಿಕ್ ಟಿಕ್ ಅನ್ನುತ್ತೆ, ಸರವನ್ನು ಸ್ವಲ್ಪ ಪಕ್ಕಕ್ಕೆ ಸರಿಸಲು ಹೇಳಿ. ಕೈಬಳೆ ತೆಗೆಯಿರಿ ಅಂತ ಮಾತ್ರ ಯಾರಿಗೂ ಹೇಳಬೇಡಿ, ಅದು ಮನಸ್ಸಿಗೆ ನೋವಾಗುವ ಮಾತು. ಬಳೆ ಸದ್ದು ಇದ್ದರೆ ಇರಲಿ.

ಜಾಗವೂ ಮೈಕಿನಷ್ಟೇ ಮುಖ್ಯ. ಸಿಮೆಂಟಿನ ಖಾಲಿ ಕೋಣೆ, ಜಿಂಕ್ ಶೀಟಿನ ಸಮುದಾಯ ಭವನ ಬೇಡ, ಮಾತು ಮಾರ್ದನಿಸುತ್ತೆ. ಬಟ್ಟೆಗಂಟು, ಕೌದಿ, ಕಂಬಳಿ ತುಂಬಿದ ಒಳಮನೆ ಎಲ್ಲಕ್ಕಿಂತ ಒಳ್ಳೇದು. ಫ್ಯಾನು ನಿಲ್ಲಿಸಿ, ಹಿಟ್ಟಿನ ಗಿರಣಿ ಓಡುವ ಹೊತ್ತು ತಪ್ಪಿಸಿ. ಒಳಮನೆಗೆ ಕರೆದುಕೊಂಡು ಹೋದರೆ ಇನ್ನೊಂದು ಅನುಕೂಲ, ನಡುವೆ ಬಾಯಿ ಹಾಕುವವರು ಜಗಲಿಯಲ್ಲೇ ಉಳೀತಾರೆ!

ಒಪ್ಪಿಗೆಯ ವಿಷಯದಲ್ಲಿ ನಾವು ಸಡಿಲ ಬಿಡುವುದಿಲ್ಲ. ಇದು ಎಲ್ಲಿಗೆ ಹೋಗುತ್ತೆ, ಯಾರು ಕೇಳುತ್ತಾರೆ ಎಂದು ಮೊದಲೇ ಹೇಳಿ, ಅವರ ಬಾಯಿಂದಲೇ ಒಪ್ಪಿಗೆಯನ್ನು ಮುದ್ರಿಸಿ. ಕೂಲಿ ಕೊಡುವವರ ಮೇಲೆ, ನೀರು ಬಿಡುವವರ ಮೇಲೆ ಮಾತು ಬಂದರೆ ಅವರ ಹೆಸರನ್ನು ಹೇಳಿಸುವುದೇ ಬೇಡ. “ನಿಲ್ಲಿಸವ್ವಾ” ಅಂದರೆ ನಿಲ್ಲಿಸಿ. “ಅದನ್ನ ಅಳಿಸು” ಅಂದರೆ ಅವರ ಎದುರಿಗೇ ಅಳಿಸಿ.

ಮುದ್ರಣವನ್ನು ವೇವ್ ಫೈಲಾಗಿ ಇಟ್ಟರೆ, ಮೋನೋದಲ್ಲಿ, ಒಂದು ಗಂಟೆಗೆ ಸುಮಾರು 300 ಎಂಬಿ ಜಾಗ ಬೇಕು. ಮೊದಲೇ ಫೋನಿನಲ್ಲಿ ಜಾಗ ಖಾಲಿ ಮಾಡಿಕೊಳ್ಳಿ. ವಾಟ್ಸಾಪಿನಲ್ಲಿ ಕಳಿಸುವಾಗ ‘ಡಾಕ್ಯುಮೆಂಟ್’ ಆಗಿ ಕಳಿಸಿ, ಆಗ ಧ್ವನಿ ಇದ್ದಂತೆಯೇ ತಲುಪುತ್ತೆ. ಫೋನಿನಲ್ಲಿ ಒಂದು ಪ್ರತಿ, ಒಕ್ಕೂಟದ ಕಂಪ್ಯೂಟರಿನಲ್ಲಿ ಒಂದು ಪ್ರತಿ ಇರಲಿ.

ಮುಂದಿನ ಸಭೆಯಲ್ಲಿ ಮಾಡಬೇಕಾದ್ದು: ಸಂಘದಲ್ಲಿ ಎಲ್ಲರಿಗಿಂತ ಮೆಲ್ಲಗೆ ಮಾತಾಡುವ ಸದಸ್ಯೆಯನ್ನು ಕೂರಿಸಿ, ಅವರ ಅಮ್ಮನ ಮನೆಯ ಬಾವಿಯ ಬಗ್ಗೆ ಕೇಳಿ. ಒಮ್ಮೆ ಒಂದು ಗೇಣು, ಒಮ್ಮೆ ಒಂದು ಮೊಳ, ಒಮ್ಮೆ ನಾಲ್ಕು ಮೊಳ ದೂರದಲ್ಲಿ ಫೋನ್ ಇಟ್ಟು ಮುದ್ರಿಸಿ. ಮೂರನ್ನೂ ಎಲ್ಲರೂ ಕೇಳಿ. ಆಮೇಲೆ ಮೈಕು ಬೇಕೋ ಬೇಡವೋ ತೀರ್ಮಾನಿಸಿ. ಬೇಕೆಂದಾದರೆ ನಾಲ್ಕೈದು ಸಂಘ ಸೇರಿ ಒಂದು ಕೊಳ್ಳಿ, ನಡಾವಳಿ ಪುಸ್ತಕದಲ್ಲಿ ಠರಾವು ಬರೆಯಿರಿ, ಮೈಕು ಯಾರ ಮನೆಯಲ್ಲಿದೆ, ಯಾವತ್ತು ಹೋಯಿತು, ಯಾವತ್ತು ಬಂತು, ಟೋಪಿ ಸಮೇತ ಬಂತೇ ಎಂಬುದಕ್ಕೂ ಒಂದು ಪುಟ ಬಿಡಿ.