ಅಡಾಪ್ಟರ್ ಕೊಳ್ಳುವ ಮೊದಲು ಫ್ಲ್ಯಾಶಿನ ವೋಲ್ಟ್ ಅಳೆಯಿರಿ

ಮದುವೆಯಲ್ಲಿ ಅಕ್ಕಿಕಾಳು ಬೀಳುವುದು ಒಂದೇ ಸಲ. ಆ ಹೊತ್ತಿಗೆ ಫ್ಲ್ಯಾಶ್ ಬೆಳಗದಿದ್ದರೆ ಬೀಗರನ್ನು ಮತ್ತೆ ನಿಲ್ಲಿಸಿ ಕಾಳು ಹಾಕಿಸಲು ಬರುವುದಿಲ್ಲ. ನವಲಗುಂದ, ಕುಂದಗೋಳ, ಕಲಘಟಗಿ, ಅಣ್ಣಿಗೇರಿ ಕಡೆ ಮದುವೆ, ಸೀಮಂತ, ಜಾತ್ರೆಗಳ ಫೋಟೊ ತೆಗೆಯುವ ಹುಡುಗರು ನನ್ನ ಹತ್ತಿರ ತರುವ ದೂರು ಹೆಚ್ಚಾಗಿ ಒಂದೇ: "ಕ್ಯಾಮೆರಾ ಹೊಸಾದೈತ್ರಿ, ಫ್ಲ್ಯಾಶೂ ಚಲೋ ಐತಿ, ಅಡಾಪ್ಟರ್ ಹಾಕೇನಿ, ಆದ್ರ ಹೊಡಿವಲ್ದು." ಹೀಗಾದಾಗ ಅವರು ಮತ್ತೆ ಹುಬ್ಬಳ್ಳಿ ಬಸ್ ಹತ್ತಿ ಇನ್ನೊಂದು ಅಡಾಪ್ಟರ್ ತರುತ್ತಾರೆ. ಅದೂ ಹೊಡೆಯುವುದಿಲ್ಲ. ಕೊಳ್ಳುವ ಮೊದಲು ಎರಡು ಸಂಗತಿ ನೋಡಿಕೊಂಡಿದ್ದರೆ ಎರಡೂ ಸಲದ ದುಡ್ಡು ಉಳಿಯುತ್ತಿತ್ತು.

ಸಿಂಕ್ ಎಂದರೆ ದೊಡ್ಡ ವಿದ್ಯೆಯಲ್ಲ. ಶಟರ್ ಪೂರ್ತಿ ತೆರೆದ ಕ್ಷಣದಲ್ಲಿ ಕ್ಯಾಮೆರಾ ಫ್ಲ್ಯಾಶಿನ ಎರಡು ತುದಿಗಳನ್ನು ಕೂಡಿಸುತ್ತದೆ, ಫ್ಲ್ಯಾಶ್ ಬೆಳಗುತ್ತದೆ. ಅಡಾಪ್ಟರ್ ಆ ಎರಡು ತುದಿಗಳನ್ನು ಒಂದು ಆಕಾರದಿಂದ ಇನ್ನೊಂದು ಆಕಾರಕ್ಕೆ ದಾಟಿಸುತ್ತದೆ, ಅಷ್ಟೆ.

ನಡುವಿನ ಚುಕ್ಕೆ ಇದೆಯೇ?

ಮೊದಲು ಕ್ಯಾಮೆರಾದ ತಲೆಯ ಮೇಲಿನ ಹಾಟ್ ಶೂ ನೋಡಿ. ನಟ್ಟನಡುವೆ ಒಂದು ದೊಡ್ಡ ಲೋಹದ ಚುಕ್ಕೆ ಇರಬೇಕು. ಸಾದಾ ಅಡಾಪ್ಟರ್‌ಗಳೆಲ್ಲ ಕೆಲಸ ಮಾಡುವುದು ಅದರ ಮೇಲೆಯೇ. ಕ್ಯಾನನ್ 200ಡಿ ಮಾರ್ಕ್ 2 ಮತ್ತು 3000ಡಿಯಲ್ಲಿ ಆ ಚುಕ್ಕೆ ಇಲ್ಲ. 1500ಡಿ ಇದ್ದವರು ತಮ್ಮ ಬಾಡಿಯನ್ನೇ ಕಣ್ಣಾರೆ ನೋಡಿಕೊಳ್ಳಿ, ಅದರಲ್ಲೂ ಚುಕ್ಕೆ ಇಲ್ಲದವು ಬಂದಿವೆ. ನಮ್ಮ ಕಡೆ ಮೊದಲ ಕ್ಯಾಮೆರಾ ಎಂದು ಸಾಲ ಮಾಡಿ ಕೊಳ್ಳುವುದು ಇಂಥವನ್ನೇ. ಚುಕ್ಕೆ ಇಲ್ಲದ ಶೂಗೆ ಎಂಥ ಸಿಂಕ್ ಕೇಬಲ್ ಅಡಾಪ್ಟರ್ ತಂದರೂ ಫ್ಲ್ಯಾಶ್ ಹೊಡೆಯುವುದಿಲ್ಲ. ಉಳಿದ ಸಣ್ಣ ಪಿನ್ನುಗಳ ಮೂಲಕ ಕ್ಯಾನನ್ ಜೊತೆ ಮಾತಾಡಬಲ್ಲ ಗೋಡಾಕ್ಸ್ ಎಕ್ಸ್2ಟಿ-ಸಿಯಂಥ ಟ್ರಿಗರ್ ಬೇಕು. ಚುಕ್ಕೆ ತೆಗೆದದ್ದು ಬಡ ಫೋಟೊಗ್ರಾಫರ್‌ಗೆ ಮಾಡಿದ ಅನ್ಯಾಯ ಎಂದೇ ನನ್ನ ಅಭಿಪ್ರಾಯ. ಹಳೆಯ ಸ್ಟುಡಿಯೋ ಲೈಟ್ ಇಟ್ಟುಕೊಂಡವರು ಇರುವುದು ಆ ವರ್ಗದಲ್ಲೇ.

ನಿಕಾನ್‌ನಲ್ಲಿ ಈ ತಂಟೆ ಇಲ್ಲ. ಕೇಬಲ್ ತೂತು ಇಲ್ಲದ ಬಾಡಿಗೆ ಎಎಸ್-15 ಎಂಬ ಅಡಾಪ್ಟರ್ ಸಿಗುತ್ತದೆ. ಸೋನಿಯವರ ಶೂ 2012ರಲ್ಲಿ ಬದಲಾಯಿತು. ಅದಕ್ಕಿಂತ ಹಿಂದಿನದು ಮಿನೋಲ್ಟಾದಿಂದ ಬಂದ ಬೇರೆ ಆಕಾರದ್ದು. ಸೆಕೆಂಡ್ ಹ್ಯಾಂಡ್ ಬಾಡಿ ಕೊಂಡವರು ಯಾವ ಶೂ ಎಂದು ಖಚಿತ ಮಾಡಿಕೊಂಡೇ ಅಡಾಪ್ಟರ್ ಕೇಳಿ.

ಹಳೆಯ ಫ್ಲ್ಯಾಶಿನ ವಿಷ

ಇನ್ನು ನಾನು ಸಾಯುವತನಕ ಹೇಳುವ ಮಾತಿಗೆ ಬರುತ್ತೇನೆ. ರೀಲ್ ಕಾಲದ ಫ್ಲ್ಯಾಶ್‌ಗಳು ಎಷ್ಟೋ ಸ್ಟುಡಿಯೋಗಳ ಅಟ್ಟದ ಮೇಲಿವೆ. ಅಪ್ಪನದು, ಕಾಕಾನದು ಎಂದು ಹುಡುಗರು ಅವನ್ನು ಇಳಿಸಿ ಹೊಸ ಡಿಜಿಟಲ್ ಕ್ಯಾಮೆರಾಕ್ಕೆ ಕೂಡಿಸುತ್ತಾರೆ. ಹಳೆಯ ರೀಲ್ ಕ್ಯಾಮೆರಾದೊಳಗೆ ಇದ್ದದ್ದು ಎರಡು ಲೋಹದ ಪಟ್ಟಿ, ಅವು ಹೆಚ್ಚಿನ ವೋಲ್ಟನ್ನೂ ತಡೆಯುತ್ತಿದ್ದವು. ಡಿಜಿಟಲ್‌ನಲ್ಲಿ ಅದೇ ಕೆಲಸವನ್ನು ಸೂಕ್ಷ್ಮ ಎಲೆಕ್ಟ್ರಾನಿಕ್ ಸ್ವಿಚ್ ಮಾಡುತ್ತದೆ, ವೋಲ್ಟ್ ಹೆಚ್ಚಾದರೆ ಅದು ಸುಡಬಹುದು.

ಕುಂದಗೋಳ ಕಡೆಯ ಒಂದು ಮದುವೆಯಲ್ಲಿ ನಾನೇ ಹೀಗೆ ಮಾಡಿದೆ. "ಅಡಾಪ್ಟರ್ ಇದ್ರ ಏನೂ ಆಗಂಗಿಲ್ಲ" ಎಂದು ಮಾರಿದವನು ಹೇಳಿದ್ದ. ಅರಿಷಿಣದ ಫೋಟೊ ಮುಗಿಯುವ ಹೊತ್ತಿಗೆ ಫ್ಲ್ಯಾಶ್ ನಿಂತಿತು. ಬ್ಯಾಟರಿ ಬದಲಿಸಿದೆ, ಕೇಬಲ್ ಬದಲಿಸಿದೆ. ಆ ಕ್ಯಾಮೆರಾ ಆಮೇಲೆ ಯಾವ ಫ್ಲ್ಯಾಶನ್ನೂ ಹೊಡೆಯಲಿಲ್ಲ. ಸಾದಾ ಅಡಾಪ್ಟರಿನೊಳಗೆ ಬರಿಯ ತಂತಿ ಇರುತ್ತದೆ, ರಕ್ಷಣೆ ಏನೂ ಇರುವುದಿಲ್ಲ ಎಂದು ಅದನ್ನು ಬಿಚ್ಚಿ ನೋಡಿದ ಮೇಲೆ ತಿಳಿಯಿತು.

ಆದ್ದರಿಂದ ಅಳೆಯಿರಿ. ಮಲ್ಟಿಮೀಟರ್ ಇಲ್ಲದಿದ್ದರೆ ಊರಿನಲ್ಲಿ ಪಂಪ್‌ಸೆಟ್ ಮೋಟಾರ್ ಸುತ್ತುವವರ ಅಂಗಡಿಗೆ ಹೋಗಿ, ಅವರಲ್ಲಿ ಇದ್ದೇ ಇರುತ್ತದೆ. ಫ್ಲ್ಯಾಶ್‌ಗೆ ಹೊಸ ಸೆಲ್ ಹಾಕಿ, ರೆಡಿ ಲೈಟ್ ಹತ್ತಿದ ಮೇಲೂ ಒಂದು ನಿಮಿಷ ಬಿಡಿ. ಮೀಟರನ್ನು ಡಿಸಿಯ ಅತಿ ಹೆಚ್ಚಿನ ರೇಂಜಿಗೆ ಇಡಿ. ಕೆಂಪು ಕಡ್ಡಿ ಫ್ಲ್ಯಾಶ್ ಕಾಲಿನ ನಡುವಿನ ಪಿನ್ನಿಗೆ, ಕಪ್ಪು ಕಡ್ಡಿ ಕಾಲಿನ ಪಕ್ಕದ ಲೋಹದ ಪಟ್ಟಿಗೆ. ಎರಡು ಕಡ್ಡಿ ಒಂದಕ್ಕೊಂದು ತಾಗಬಾರದು.

6 ವೋಲ್ಟ್ ಒಳಗಿದ್ದರೆ ನಿಶ್ಚಿಂತೆ. ಅದಕ್ಕಿಂತ ಹೆಚ್ಚಿದ್ದರೆ ನಿಮ್ಮ ಕ್ಯಾಮೆರಾದ ಮ್ಯಾನ್ಯುಅಲ್ ತೆಗೆದು ನೋಡಿ. ನಿಕಾನ್‌ನವರು 250 ವೋಲ್ಟ್ ಮೀರಬಾರದು, ಮೈನಸ್ ವೋಲ್ಟೇಜೂ ಬರಬಾರದು ಎಂದು ಬರೆದಿರುತ್ತಾರೆ. ಏನೂ ಬರೆದಿಲ್ಲವಾದರೆ 6 ಎಂದೇ ಹಿಡಿಯಿರಿ. ಮೀಟರಿನಲ್ಲಿ ಮೈನಸ್ ಗುರುತು ಬಂದರೆ ಆ ಫ್ಲ್ಯಾಶನ್ನು ಕ್ಯಾಮೆರಾ ಹತ್ತಿರಕ್ಕೂ ತರಬೇಡಿ. ಇನ್ನೊಂದು ಎಚ್ಚರ: ಅಗ್ಗದ ಹಳದಿ ಮೀಟರ್‌ಗಳು ಇಲ್ಲಿ ನಿಜಕ್ಕಿಂತ ಕಡಿಮೆ ತೋರಿಸುತ್ತವೆ, ಏಕೆಂದರೆ ಈ ವೋಲ್ಟೇಜ್ ಬರುವುದು ಫ್ಲ್ಯಾಶಿನೊಳಗಿನ ದೊಡ್ಡ ರೆಸಿಸ್ಟರ್ ದಾಟಿ. ಅದು 100 ತೋರಿಸಿದರೆ ಒಳಗೆ ಇನ್ನೂ ಹೆಚ್ಚಿದೆ ಎಂದೇ ತಿಳಿಯಿರಿ.

ಹೆಸರು ನಂಬಬೇಡಿ. ವಿವಿಟಾರ್ 283ರ ಹಳೆಯ ತಯಾರಿಕೆಗಳಲ್ಲಿ 200 ವೋಲ್ಟ್ ಮೀರುತ್ತದೆ, ನಂತರದವುಗಳಲ್ಲಿ 10ಕ್ಕಿಂತ ಕಡಿಮೆ. ಮೇಲೆ ಬರೆದ ಹೆಸರು ಮಾತ್ರ ಎರಡಕ್ಕೂ ಒಂದೇ.

ವೋಲ್ಟ್ ಹೆಚ್ಚಿರುವ ಫ್ಲ್ಯಾಶನ್ನು ಬಿಡಲಾರೆ ಎನ್ನುವವರಿಗೆ ವೈನ್ ಕಂಪನಿಯ ಸೇಫ್ ಸಿಂಕ್ ಇದೆ. ಅದು 400 ವೋಲ್ಟ್‌ವರೆಗೆ ತಡೆದು ಕ್ಯಾಮೆರಾಕ್ಕೆ 6ಕ್ಕಿಂತ ಕಡಿಮೆ ಬಿಡುತ್ತದೆ. ನಾನಾದರೆ ರೇಡಿಯೋ ಟ್ರಿಗರನ್ನೇ ಹೇಳುತ್ತೇನೆ. ಫ್ಲ್ಯಾಶಿನಿಂದ ಕ್ಯಾಮೆರಾಕ್ಕೆ ತಂತಿಯೇ ಇಲ್ಲದಿದ್ದ ಮೇಲೆ ವೋಲ್ಟ್ ಎಲ್ಲಿಂದ ಬರಬೇಕು? ಸುಟ್ಟರೂ ರಿಸೀವರ್ ಸುಡುತ್ತದೆ, ಕ್ಯಾಮೆರಾ ಉಳಿಯುತ್ತದೆ. ಫ್ಲ್ಯಾಶನ್ನು ಬಿಚ್ಚುವ ಕೆಲಸಕ್ಕಂತೂ ಕೈ ಹಾಕಬೇಡಿ. ಸ್ವಿಚ್ ಆರಿಸಿದ ಮೇಲೂ ಒಳಗಿನ ಕೆಪಾಸಿಟರ್‌ನಲ್ಲಿ 300 ವೋಲ್ಟ್ ಆಸುಪಾಸು ನಿಂತಿರುತ್ತದೆ. ಅದು ಜೀವ ತೆಗೆಯಬಲ್ಲದು.

ಉಳಿದವು

ಸ್ಟುಡಿಯೋ ಲೈಟಿನ ತೂತು 3.5 ಮಿಲಿಮೀಟರೋ 6.35 ಮಿಲಿಮೀಟರೋ ಅಳೆದುಕೊಂಡು ಮೋನೋ ಜಾಕ್ ಕೇಳಿ. ಮೊಬೈಲ್ ಇಯರ್‌ಫೋನಿನ ಸ್ಟೀರಿಯೋ ಜಾಕ್ ಬೇಡ. ಬೆಳಕು ನೋಡಿ ಹೊಡೆಯುವ ಸ್ಲೇವ್ ಬಳಸುವವರು ಕ್ಯಾಮೆರಾ ಮೇಲಿನ ಫ್ಲ್ಯಾಶನ್ನು ಮ್ಯಾನ್ಯುಅಲ್‌ಗೆ ಇಡಿ, ಇಲ್ಲವೇ ಸ್ಲೇವನ್ನು ಎಸ್2 ಮೋಡ್‌ಗೆ ಹಾಕಿ. ಬಿಸಿಲಿನ ಹಂದರದಲ್ಲಿ ಸ್ಲೇವ್ ನಂಬಿ ಹೋಗಬೇಡಿ. ಶಟರ್ 1/200 ದಾಟಿದರೆ ಎಷ್ಟೋ ಕ್ಯಾಮೆರಾಗಳಲ್ಲಿ ಫೋಟೊದ ಅಂಚಿಗೆ ಕಪ್ಪು ಪಟ್ಟಿ ಬೀಳುತ್ತದೆ, ಅಗ್ಗದ ಟ್ರಿಗರ್ ಇದ್ದರೆ 1/125ಕ್ಕೆ ಇಳಿಸಿ. ಸೈಲೆಂಟ್ ಶಟರ್ ಬಂದ್ ಇರಲಿ.

ಮದುವೆಯ ಹಿಂದಿನ ದಿನ ಮನೆಯಲ್ಲೇ ಕೂಡಿಸಿ ಐವತ್ತು ಸಲ ಹೊಡೆದು ನೋಡಿ. ಒಂದೂ ತಪ್ಪದಿದ್ದರೆ ಮಾತ್ರ ಅದನ್ನು ಚೀಲಕ್ಕೆ ಹಾಕಿ.